ಕಾಲಂ ಏಳು

ವ್ಯಾನು ಕೊಳ್ಳಲು ಸಾಲ ಕೇಳಿ ಹೋಗಿದ್ದೆ, ಅಷ್ಟೇ.
ಗ್ರಿಮ್ಸ್‌ಬಿಯ ಬ್ಯಾಂಕಿನಲ್ಲಿ ಆ ಹುಡುಗಿ, ಶೋನಾ ಪಿಂಡರ್,
ಎದೆಯ ಮೇಲೆ ಹೆಸರಿನ ಬಿಲ್ಲೆ, ತೋರುಬೆರಳಿಗೆ ಶಾಯಿ:
"ಇಲ್ಲೊಂದು ಸಹಿ. ಇಲ್ಲೂ ಒಂದು.
ಕೆಲಸ ಹೋದರೆ ಕಂತು ನಾವೇ ಕಟ್ಟುತ್ತೇವೆ."

ನನ್ನನ್ನು ಕೆಲಸದಿಂದ ತೆಗೆಯುವವರು ಯಾರು?
ನಾನು ಪಿಯಾನೋಗಳಿಗೆ ಶ್ರುತಿ ಕೂಡಿಸುವವ.
ಧಣಿಯಿಲ್ಲ, ಸಂಬಳದ ಚೀಟಿಯಿಲ್ಲ.
ಎರಡು ಚರ್ಚು, ನಾಲ್ಕು ಶಾಲೆ, ಮೀನುಕಟ್ಟೆಯ ಪಕ್ಕದ ಪಬ್ಬು,
ಉಪ್ಪುಗಾಳಿಗೆ ಸಡಿಲವಾಗುವ ತಂತಿಗಳೇ ನನ್ನ ಅನ್ನ.
ಅದನ್ನೂ ಹೇಳಿದೆ. ಆಕೆ
ಗಂಟಲು ಸರಿಮಾಡಿಕೊಂಡು "ನಡೆಯುತ್ತೆ" ಎಂದಳು.

ಆ ಮಾತು ಅರ್ಧ ಕೂದಲೆಳೆಯಷ್ಟು ಇಳಿದಿತ್ತು.
ಕೇಳಿಸಿತ್ತು ನನಗೆ.
ನೆಗಡಿಯಿರಬೇಕು ಅಂದುಕೊಂಡೆ.

ತಿಂಗಳಿಗೆ ಇಪ್ಪತ್ತಮೂರು ಪೌಂಡು, ಐದು ವರ್ಷದ ಕರಾರು.
ಕೊನೆಯ ಚಳಿಗಾಲ ನನ್ನ ಎಡಗಿವಿಯೊಳಗೆ
ಯಾರೋ ಕೆಟಲ್ ಇಟ್ಟರು. ಒಲೆ ಆರಿಸಿದರೂ ಕುದಿಯುತ್ತದೆ,
ಮೇಲಿನ ಸಪ್ತಕದ ಸ್ವರಗಳೆಲ್ಲ ಅದರ ಹಬೆಯಲ್ಲಿ ಕರಗಿದವು.
ಫೋನು ಮಾಡಿದೆ. ಯಾವುದೋ ಊರಿನ ದನಿಯೊಂದು
ಸಣ್ಣ ಅಕ್ಷರದಲ್ಲಿದ್ದದ್ದನ್ನು ದೊಡ್ಡದಾಗಿ ಓದಿತು:
"ಸ್ವಂತ ಉದ್ಯೋಗದವರಿಗೆ ಅನ್ವಯಿಸದು."
ಮತ್ತೆ, ಸ್ವಲ್ಪ ಕಾಯಿರಿ ಎಂದು ಸಂಗೀತ ಹಾಕಿತು.
ಅದರ ಪಿಯಾನೋ ಕೂಡ ಶ್ರುತಿ ತಪ್ಪಿತ್ತು,
ಅಥವಾ ನನ್ನ ಕಿವಿ. ಆ ಹೊತ್ತಿಗೆ ಎರಡೂ ಒಂದೇ.

ವ್ಯಾನು ಮಾರಿದೆ. ವಿನಿಫ್ರೆಡ್ ಬೈಯಲಿಲ್ಲ,
ಅದೇ ಕಷ್ಟವಾಯಿತು.
ರಸೀದಿಗಳನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿ
ಅದರ ಮೇಲೆ ಸಕ್ಕರೆ ಭರಣಿ ಇಟ್ಟಳು.

ಹತ್ತು ವರ್ಷ ಕಳೆದು, ಲೈಬ್ರರಿಯಲ್ಲಿ ಒಂದು ಮಂಗಳವಾರ.
ದೂರಿನ ಅರ್ಜಿ ತುಂಬಿಕೊಡುತ್ತಾರೆ, ಬಿಟ್ಟಿ, ಅಂದಿದ್ದರು.
ಮೇಜಿನಾಚೆ ಕೂತವಳ ಕೂದಲು ನೆರೆತಿತ್ತು, ಬಿಲ್ಲೆ ಇರಲಿಲ್ಲ.
ನಾನು ಗುರುತು ಹಿಡಿದೆ. ಅವಳು ಹಿಡಿಯಲಿಲ್ಲ,
ಹಳೆಯ ಕಾಗದದಲ್ಲಿ ತನ್ನದೇ ಕೈಬರಹ ಕಾಣುವವರೆಗೆ.

ಕಾಲಂ ಏಳು: ಮಾರಿದವರ ಹೆಸರು, ನೆನಪಿದ್ದರೆ.
"ನೆನಪಿಲ್ಲ" ಎಂದೆ.
ಅವಳು ಬರೆದಳು. ಒಂದೊಂದೇ ಅಕ್ಷರ, ಬಿಡಿಬಿಡಿಯಾಗಿ,
ಪಿಂಡರ್ ಎಂಬುದರ ಕೆಳಗೆ ಗೆರೆಯನ್ನೂ ಎಳೆದು.
"ವಾರಕ್ಕೆ ಹನ್ನೆರಡು ಮಾರಬೇಕಿತ್ತು" ಎಂದಳು ತಲೆಯೆತ್ತದೆ,
"ಒಂದು ಕಡಿಮೆಯಾದರೂ ಎಲ್ಲರೆದುರು ನಿಲ್ಲಿಸುತ್ತಿದ್ದರು."
ಬಲಗಿವಿ ತಿರುಗಿಸಿ ಕೇಳಿಸಿಕೊಂಡೆ.
ಈ ಸಲ ದನಿ ಸರಿಯಾಗಿತ್ತು.
ಕ್ಷಮಿಸಿದೆ ಅಂತೇನೂ ಅಲ್ಲ. ಸರಿಯಾಗಿತ್ತು, ಅಷ್ಟೇ.

ಕಾಲಂ ಎಂಟು: ಆಗ ಅವರು ಆಡಿದ ಮಾತು,
ಆದಷ್ಟೂ ಅದೇ ಪದಗಳಲ್ಲಿ.
ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು.

ಚೆಕ್ಕು ಬಂದದ್ದು ಮೇ ತಿಂಗಳಲ್ಲಿ, ತೆರಿಗೆ ಮುರಿದುಕೊಂಡು.
ವಿನಿಫ್ರೆಡ್ ಭರಣಿ ಇಳಿಸಿ, ಡಬ್ಬಿ ಸುರಿದು, ರಸೀದಿ ಎಣಿಸಿದಳು.
ಅರುವತ್ತು ಇರಬೇಕಿತ್ತು. ಐವತ್ತೊಂಬತ್ತು.
ದುಡ್ಡು ಬಂತಲ್ಲೇ ಮಾರಾಯ್ತಿ, ಬಿಡು ಎಂದೆ.
ಸೋಫಾ ಸರಿಸಿದ್ದಾಳೆ, ಇನ್ನೂ ಹುಡುಕುತ್ತಿದ್ದಾಳೆ.