ಒತ್ತು

ಕಪ್ಪು ಪರದೆಯ ನಡುವೆ ಒಂದು ಬೆಳ್ಳನೆ ಡಬ್ಬಿ,
ಅದರೊಳಗೆ ಮಿಣಮಿಣ ಒಂದು ಗೀಟು.
ಬಾಗಿಲ ಸಂದಿಯಿಂದ ಯಾರೋ
ಯಾರದು ಅಂದ ಹಾಗೆ.

ನಾನೇ ಕಣಮ್ಮ, ಇಂದ್ರಾಣಿ.
ಶಿಡ್ಲಘಟ್ಟ, ಗೂಡಿನ ಮಾರ್ಕೆಟ್ಟಿನ ಹಿಂದಿನ ಬೀದಿ,
ವರ್ಷಿಣಿ ಡಿಟಿಪಿ ಸೆಂಟರ್.
ಹದಿನೆಂಟು ಕಂತು ಕಟ್ಟಿ ತಂದಿದ್ದೆ ನಿನ್ನ.
ನಂಬಲಿಲ್ಲ. ಮೂರು ಸಲ ತಪ್ಪಿದ್ದಕ್ಕೆ
ಉದ್ದನೆಯ ಒಂದು ನಂಬರು ಬರೆದು
ಮುಖ ತಿರುಗಿಸಿತು.

ಎದುರಿಗೆ ಸ್ಟೂಲಿನ ಮೇಲೆ ಗುಲ್ನಾಜ್,
ಬಿಚ್ಚಾಣಿಕೆಯ ಕೆಲಸ ಬಿಟ್ಟು ನೇರ ಬಂದವಳು,
ಬಿಸಿನೀರಲ್ಲಿ ಬೆಂದು ಬಿಳುಚಿದ ಬೆರಳು,
ಸೆರಗಿನಲ್ಲಿ ಹುಳದ ವಾಸನೆ.
ಆಧಾರಿನಲ್ಲಿ ಅವಳು ಗುಲನಾಜ್,
ಬ್ಯಾಂಕಿನಲ್ಲಿ ಗುಲ್ನಾಜ್.
ನಡುವೆ ಒಂದು ಒತ್ತಿನಷ್ಟು ಸಂದು,
ಅದರೊಳಗೆ ಬಿದ್ದಿದೆ ನಾಲ್ಕು ತಿಂಗಳ ದುಡ್ಡು.
'ಮದುವೆ ಕಾರ್ಡಿದ್ರೆ ತಾ ಅಂತಾರಕ್ಕ. ನೀನೇ ಮಾಡಿದ್ದಲ್ವಾ?
ಮನೇಲಿದ್ದದ್ದು ಒಂದೇ. ಮಗ ಗಾಳಿಪಟಕ್ಕೆ ಹಚ್ಚಿಬಿಟ್ಟ.'

ಗುಂಡಿ ಒತ್ತಿ ಹಿಡಿದು ಆರಿಸಿ, ಮತ್ತೆ ಹಚ್ಚಿ
ಮನೆದೇವರ ಹೆಸರು ಹಾಕಿದೆ.
ಮೊದಲ ಮೊಪೆಡ್ಡಿನ ನಂಬರು ಹಾಕಿದೆ.
ಆಗ ಮಾತು ಬಿಟ್ಟಿದ್ದ ನಾದಿನಿಯ ಹೆಸರನ್ನೂ, ಯಾಕೋ, ಹಾಕಿದೆ.
ಬೀಪ್.

ಗುಟ್ಟು ಇಟ್ಟವಳು ನಾನೇ,
ಅವಳಿಗೆ ಬಚ್ಚಿಡಲು ಏನಿತ್ತು ಅಂತ ನನಗೇ ತಿಳಿಯದು.
ಲಗ್ನಪತ್ರಿಕೆ, ಬಿಲ್‌ಬುಕ್ಕು, ಎರಡು ತಿಥಿ ಕಾರ್ಡು.
ಎರಡು ಕೋಣೆಯಲ್ಲಿ ಹನ್ನೊಂದು ಜನ ಮಲಗುತ್ತಿದ್ದ ಮನೆ;
ಬೀಗ ಅಂತ ಅವಳ ಸ್ವಂತಕ್ಕೆ
ಇದ್ದದ್ದು ಇದೊಂದೇ ಇರಬೇಕು.

ಮುನಿಕೃಷ್ಣ ಬಂದ. ಬೋರಲು ಹಾಕಿ ಹೊಟ್ಟೆ ನೋಡಿದ.
'ಬಿಲ್ಲೆ ಬ್ಯಾಟರಿ ಕಿತ್ತರೂ ಇದು ಮರೆಯಲ್ಲ ಕಣಕ್ಕ,
ಡಿಸ್ಕು ಬೇರೆ ಕಡೆ ಹಾಕಿದ್ರೂ ಇದೇ ಬೀಗ ಕೇಳುತ್ತೆ.
ಮರೆಯೋದೆಲ್ಲ ನಾವೇ.'
ಚಿಪ್ಪು ಬದಲಿಸಲು ಎರಡೂವರೆ ಸಾವಿರ;
ಹಳೇ ತಾರೀಕು ಹಾಕಿ ಹೊಸ ಕಾರ್ಡೇ ಹೊಡೆದುಕೊಟ್ಟರೆ ನೂರು,
ಅಂದು ಕಣ್ಣು ಮಿಟುಕಿಸಿದ.
ಗುಲ್ನಾಜ್ ಬೇಡ ಅಂದಳು.

ಆಮೇಲೆ ನನಗಂದಳು:
'ಎಳೆ ಸಿಗದ ಗೂಡಿನ ಜೊತೆ ಹಿಂಗೆ ಗುದ್ದಾಡಬಾರದಕ್ಕ.
ನೀರಲ್ಲಿ ಬಿಟ್ಟು ಸುಮ್ಮನೆ ಪೊರಕೆ ಆಡಿಸ್ತಿರಬೇಕು,
ಕಣ್ಣು ಎಲ್ಲಾದರೂ ಇರಲಿ.'

ಕಣ್ಣು ಬೀದಿಗೆ ಬಿಟ್ಟೆ.
ಒಬ್ಬ ಚಂದ್ರಿಕೆಯೊಂದನ್ನು ಸೈಕಲ್ಲಿಗೆ ಅಡ್ಡ ಕಟ್ಟಿ
ಅರ್ಧ ರಸ್ತೆ ತನ್ನದೇ ಅಂತ ಹೋಗುತ್ತಿದ್ದ,
ಹಿಂದೆ ಆಟೋದವನ ಬೈಗುಳ.
ಚಂದ್ರಿಕೆ.
ಬೆಳಗ್ಗೆಯೇ ಹಾಕಿದ್ದೆ ಈ ಪದ,
ಇಂಗ್ಲಿಷಿನಲ್ಲಿ, ಎಚ್ ಹಾಕಿ, ಎಚ್ ಬಿಟ್ಟು.
ಆದರೆ ಈಗ ಬೆರಳು ಹೊರಟಿತು ತನ್ನ ಪಾಡಿಗೆ:
ಚ, ಸೊನ್ನೆ, ದ,
ಎಡಗೈ ತೋರುಬೆರಳಿನ ಕೆಳಗೆ ಎಫ್.
ಎಫ್ ಅಂದರೆ ಒತ್ತು.

ಆ ಕಾಲದಲ್ಲಿ ನನಗೆ ಬರುತ್ತಿದ್ದುದು
ಕನ್ನಡದ ಕೀಲಿ ಮಾತ್ರ.
ಯಾವ ಭಾಷೆಗೂ ಇನ್ನೂ ಎಚ್ಚರವಾಗದ ಆ ಕಪ್ಪಿನಲ್ಲಿ
ಕನ್ನಡವನ್ನೇ ಒತ್ತಿದ್ದಳು ಆ ಹುಡುಗಿ.
ಅದಕ್ಕೆ ಕಂಡದ್ದು ಎಂಟು ಚುಕ್ಕಿ.
ಫ್ಯಾನು ಒಂದು ಸಲ ಕೆಮ್ಮಿ ಉಸಿರು ಬಿಟ್ಟಿತು.

ಹಸಿರು ಅಂಚು, ಮೂಲೆಗೊಂದು ಗುಲಾಬಿ,
ಮೇಲೆ ಉರ್ದು, ಕೆಳಗೆ ಕನ್ನಡ. ಸಿಕ್ಕಿತು.
ಚಿನ್ನದ ಬಣ್ಣದಲ್ಲಿ ನಾನೇ ಹೊಡೆದ ಹೆಸರು,
ಗುಲನಾಜ್ ಅಲ್ಲ, ಗುಲ್ನಾಜ್ ಅಲ್ಲ,
ಗುಲ್ಜಾನ್.

ಅವಳು ಪರದೆಗೆ ಮೂಗು ತಾಗಿಸಿ ಓದಿದಳು.
'ಆರು ನೂರು ಜನ ಉಂಡು ಹೋದರಲ್ಲಕ್ಕ,
ಒಬ್ಬರಾದ್ರೂ ಓದಲಿಲ್ವಾ?'
ನಾನು ಮಾತಾಡಲಿಲ್ಲ. ಮುನಿಕೃಷ್ಣ
ಸ್ಕ್ರೂ ಎಣಿಸುತ್ತಿದ್ದ.
ಅವಳಿಗೆ ನಗು ಶುರುವಾಯಿತು, ನಿಲ್ಲಲಿಲ್ಲ,
ಸ್ಟೂಲು ಕುಂಟಿತು.
'ಇದ್ದ ಹಾಗೇ ಒಂದು ಪ್ರಿಂಟ್ ತೆಗಿ,
ಇಷ್ಟು ವರ್ಷ ಯಾರ ಜೊತೆ ಸಂಸಾರ ಮಾಡಿದೆ ಅಂತ
ನಮ್ಮನೆಯವರನ್ನ ಕೇಳಬೇಕು.'
ಬ್ಯಾಂಕಿಗೆ?
'ಬ್ಯಾಂಕಿಗೆ ನಾಳೆ ನೋಡೋಣ.'