ಟಿ. ಅಂದರೆ

ಶಾಲೆಗೆ ನೂರು ತುಂಬಿತು. ಸ್ಮರಣ ಸಂಚಿಕೆಯ ಕೆಲಸ
ಕನ್ನಡ ಮೇಡಂ ಅಲ್ಲವೇ ಎಂದು ನನ್ನ ತಲೆಗೇ ಬಂತು.
‘ನಮ್ಮೂರ ಹೆಮ್ಮೆ’ ಎಂಬ ಪುಟ:
ಹೆಸರು, ಹುದ್ದೆ, ಪಾಸ್‌ಪೋರ್ಟ್ ಅಳತೆಯ ಒಂದು ಫೋಟೋ.
ಅಕಾರಾದಿ ಜೋಡಿಸುತ್ತ ಬಂದವಳಿಗೆ
ಟಿ. ಹತ್ತಿರ ಗಾಡಿ ನಿಂತಿತು.

ಟಿ. ಚೌಡೇಗೌಡ. ಟಿ. ರತ್ನಮಾಲಾ. ಟಿ. ಸಾವಂದಮ್ಮ.
ತಿಪಟೂರಿನ ಕಡೆಯವರೇ? ತರೀಕೆರೆಯೇ?
ಬೇಲೂರಿನಿಂದ ವರ್ಗವಾಗಿ ಬಂದವಳು ನಾನು, ಕೇಳಿದೆ.
ಅಟೆಂಡರ್ ದ್ಯಾವಪ್ಪ ಗಂಟೆಯ ಸುತ್ತಿಗೆ ಕೆಳಗಿಟ್ಟು ನಕ್ಕ:
‘ಊರಲ್ಲ ಮೇಡಂ ಅದು. ಮಿಷಿನ್ನು.’

ಎಪ್ಪತ್ತೆಂಟರಲ್ಲಿ, ದುದ್ದದ ಈಚೆಗೆ ಮೊದಲ ಪವರ್ ಟಿಲ್ಲರು
ಸೊಸೈಟಿ ಸಾಲದಲ್ಲಿ ಮರೀಗೌಡರ ಅಂಗಳಕ್ಕೆ ಬಂತಂತೆ.
ಆರತಿ ಎತ್ತಿದರು, ಗಾಲಿಗೊಂದು ನಿಂಬೆಹಣ್ಣು ಇಟ್ಟರು.
ಆಲೂಗಡ್ಡೆ ಹೊಲದಲ್ಲಿ ಅದು ಸಾಲು ಬಿಡುತ್ತಿದ್ದರೆ
ಬೇಲಿಯಾಚೆ ಎತ್ತುಗಳು ಮೇವು ಮರೆತು ನೋಡುತ್ತಿದ್ದವು.
ಊರಲ್ಲಿ ಮೂವರು ಮರೀಗೌಡರು;
ಇವರು ಅವತ್ತಿನಿಂದ ಟಿಲ್ಲರ್ ಮರೀಗೌಡ.
ಮಗನನ್ನು ಶಾಲೆಗೆ ಸೇರಿಸುವಾಗ, ಇನಿಷಿಯಲ್ ಏನು ಎಂದರೆ
ಅಪ್ಪನ ಹೆಸರು ಹೇಳಲಿಲ್ಲ, ಊರಿನ ಹೆಸರು ಹೇಳಲಿಲ್ಲ,
ಮೀಸೆ ತಿರುವಿ ಮಿಷಿನ್ನಿನ ಹೆಸರು ಹೇಳಿದರು.
ಮೇಷ್ಟರು ಬರೆದುಕೊಂಡರು.

ಆ ಮಗ ಚೌಡೇಗೌಡ. ಎಂಜಿನ್ ಸದ್ದಿನ ಮೇಲೆ
ಕೂಗಿ ಕೂಗಿ ಮಾತು ಕಲಿತವನು, ಈಗ
ಹಾಸನದ ರಂಗದ ಮೇಲೆ ಮೈಕಿಲ್ಲದ ದುರ್ಯೋಧನ;
ಭೀಮನಿಗೆ ಬೈದರೆ ಹೊರಗಿನ ಕಡಲೆಕಾಯಿಯವನೂ ಬೆಚ್ಚುತ್ತಾನೆ.
ಸಾವಂದಮ್ಮ ಆ ಮನೆಯ ಸೊಸೆ, ಸರ್ಕಾರಿ ನರ್ಸು.
ಟ್ರೈಲರಿನಲ್ಲಿ ಹುಲ್ಲು ಹಾಸಿಕೊಂಡು ಕೂತು, ನಡುರಾತ್ರಿ
ಹೋಗಿ ಮಾಡಿಸಿದ ಹೆರಿಗೆ ಮುನ್ನೂರ ಹದಿನಾರು.
ಲೆಕ್ಕದ ಪುಸ್ತಕ ಇಟ್ಟಿದ್ದಾರೆ.
ಪ್ರತಿ ಕೂಸಿನ ಪಕ್ಕ ಅದರ ತೂಕ, ಆಮೇಲೆ ಡೀಸೆಲ್ಲು.

ನಡುವೆ ಇರುವವಳು ಆ ಮನೆಯವಳಲ್ಲ.

ಕೊಂಡವರು ಮರೀಗೌಡರು. ಓಡಿಸಿದವನು ಹಾಲಯ್ಯ,
ಕೆರೆಯಾಚೆ ಕಾಲೋನಿಯವನು. ಇಪ್ಪತ್ತೆರಡು ವರ್ಷ
ಆ ಎರಡು ಹಿಡಿಗಳ ಹಿಂದೆ ನಡೆದೇ ನಡೆದ.
ಎಂಜಿನ್ ಆರಿಸಿ ಮನೆಗೆ ಬಂದು ತಟ್ಟೆಯ ಮುಂದೆ ಕೂತರೂ
ಕೈ ಆರುತ್ತಿರಲಿಲ್ಲವಂತೆ;
‘ಮುದ್ದೇನೂ ಉಳೋನು’ ಎನ್ನುತ್ತಾಳೆ ಹೆಂಡತಿ.
ಅವನೂ ಟಿಲ್ಲರ್ ಹಾಲಯ್ಯ. ಅವನ ಮಗಳಿಗೂ
ಅದೇ ಶಾಲೆ, ಅದೇ ಮೇಷ್ಟರು, ಅದೇ ಟಿ.
ಈಗ ಹೇಮಾವತಿ ನಾಲೆಯ ಇಂಜಿನಿಯರು.

ಸಮಿತಿಯ ಸಭೆಯಲ್ಲಿ ಕರಡು ಓದಿದೆ. ಕಾಫಿ ಆರಿತು.
‘ಒಂದೇ ಮನೆತನ ಅಂದ್ಕಂಡಾರು ಜನ,’ ಎಂದರು ಖಜಾಂಚಿ.
‘ಆಯಮ್ಮನ್ನ ಹಿಂದಿನ ಪುಟಕ್ಕೆ ಹಾಕಿ ಮೇಡಂ,
ಫೋಟೋ ಬೇಕಾದ್ರೆ ದೊಡ್ಡದೇ ಇರ್ಲಿ.’
ಚ ಆದ ಮೇಲೆ ರ, ರ ಆದ ಮೇಲೆ ಸ ಎಂದೆ ನಾನು.
ನಾನು ಮಾಡಿದ್ದಲ್ಲ ಸ್ವಾಮಿ, ಒಂದನೇ ಕ್ಲಾಸಿನ ಗೋಡೆಯ ಮೇಲಿದೆ,
ಬೇಕಾದರೆ ನೋಡಿ ಬನ್ನಿ.
ಯಾರೂ ಏಳಲಿಲ್ಲ. ದುರ್ಯೋಧನ ಕೂಡ
ಸಣ್ಣ ದನಿಯಲ್ಲಿ ಕೆಮ್ಮಿದ.

ಮುಖಪುಟಕ್ಕೊಂದು ಚಿತ್ರ ಬೇಕೆಂದು
ಆ ಟಿಲ್ಲರನ್ನೇ ನೋಡಲು ಹೋದೆ.
ಕೊಟ್ಟಿಗೆಯ ಮೂಲೆ. ಬೆಲ್ಟಿನ ಜಾಗದಲ್ಲಿ ಜೇಡ,
ಬ್ಲೇಡುಗಳ ನಡುವೆ ಕಾವು ಕೂತ ಕೋಳಿ.
‘ಎಂಜಿನ್ ಗಟ್ಟಿಯಾಗೈತೆ. ತಿರುವೋ ಹ್ಯಾಂಡಲ್ಲೇ ಇಲ್ಲ,
ಅದಕ್ಕೇ ನಿಂತೋಯ್ತು,’ ಎಂದರು ಸಾವಂದಮ್ಮ.
ಎಲ್ಲಿ ಹೋಯಿತು ಎಂದು ಅವರಿಗೆ ಗೊತ್ತಿತ್ತು, ಹೇಳಲಿಲ್ಲ.

ಕಾಲೋನಿಯಲ್ಲಿ, ಹಾಲಯ್ಯನ ಪಟದ ಕೆಳಗೆ
ಮೊಳೆಗೆ ತೂಗಿದೆ ಆ ಡೊಂಕು ಕಬ್ಬಿಣ,
ಹಿಡಿದ ಜಾಗವಷ್ಟೇ ಸವೆದು ಬೆಳ್ಳಗೆ.
ರತ್ನಮಾಲಾ ಶನಿವಾರ ಬಂದಾಗಲೆಲ್ಲ ಎಣ್ಣೆ ಒರೆಸುತ್ತಾಳಂತೆ.
ಯಾಕೆ ಎಂದೆ.
‘ಕೇಳಿದ್ರೆ ಕೊಡೋಣ ಅಂತ,’ ಎಂದಳು ಬಟ್ಟೆ ಮಡಚುತ್ತ.
‘ಬಂದು ಕೇಳ್ಬೇಕು ಅಷ್ಟೆ.’