ನೂರ ಹದಿನೇಳನೆಯ ಮರ

ಲೈಕಿಪಿಯಾದ ಎರೆನೆಲ.
ಮಳೆ ಬಿದ್ದರೆ ಬೂಟು ಕಿತ್ತುಕೊಳ್ಳುವಷ್ಟು ಅಂಟು,
ಬೀಳದಿದ್ದರೆ ಅಂಗೈ ಇಳಿಯುವಷ್ಟು ಬಿರುಕು.
ಬೇರೆ ಮರಕ್ಕೆ ಇಲ್ಲಿ ಬೇರು ಹರಿಯುವುದಿಲ್ಲ,
ಕಣ್ಣು ಹಾಯುವವರೆಗೂ ಸಿಳ್ಳೆಜಾಲಿ.
ನನಗೆ ಕೊಟ್ಟ ಕೆಲಸವೂ ಒಂದೇ:
ಕೊಂಬೆಗೆ ಕೋಲಿನಿಂದ ತಟ್ಟುವುದು,
ಮೂವತ್ತು ಎಣಿಸುವುದರೊಳಗೆ
ಕೈಮೇಲೆ ಎಷ್ಟು ಇರುವೆ ಹತ್ತಿದವು, ಬರೆಯುವುದು.

ಮುಳ್ಳಿನ ಬುಡ ಊದಿ ಬುಗುರಿಯಾಗುತ್ತದೆ.
ಒಳಗೆ ಕೋಣೆ. ಬಾಗಿಲು ಇರುವೆ ಕೊರೆದದ್ದು.
ಸಂಜೆಗಾಳಿ ಆ ಬಾಗಿಲಿಗೆ ತುಟಿಯಿಟ್ಟರೆ
ಬಯಲಿಗೆ ಬಯಲೇ ಸಿಳ್ಳೆ ಹಾಕುತ್ತದೆ.
ಬಾಡಿಗೆಯಿಲ್ಲ. ಎಲೆಯ ತೊಟ್ಟಿನಲ್ಲಿ ದಿನಕ್ಕಿಷ್ಟು ಜೇನು.
ಜಿರಾಫೆ ನಾಲಗೆ ಚಾಚಿದೊಡನೆ,
ಆನೆ ಸೊಂಡಿಲು ನೀಡಿದೊಡನೆ
ಮನೆಮಂದಿಯೆಲ್ಲ ಹೊರಬಿದ್ದು
ಮೂಗಿನ ಹೊಳ್ಳೆಯೊಳಗೇ ನುಗ್ಗಿ ಕಚ್ಚಬೇಕು, ಅಷ್ಟೆ.
ಕಚ್ಚುತ್ತಿದ್ದವು. ಉಂಡ ಋಣ.

ಅಜ್ಜಿ ನೈಸುಲಾ ಮೇಕೆ ಅಟ್ಟುತ್ತ ಹೇಳುತ್ತಿದ್ದಳು:
ಈ ಮರ ತಾನು ಬೈಯುವುದಿಲ್ಲ ಕಣೋ,
ಬೈಯಿಸುತ್ತದೆ.

ಆಮೇಲೆ ಡಾಕ್ಟರ್ ಮುಕಾಮಿ ಬೇಲಿ ಹಾಕಿಸಿದರು.
ಹನ್ನೊಂದು ಸಾಲು ತಂತಿ, ಮುಟ್ಟಿದರೆ ಕರೆಂಟು.
ಒಳಗೆ ಒಂದು ತುಂಡು ಬಯಲು,
ಆನೆ ಇಲ್ಲ, ಜಿರಾಫೆ ಇಲ್ಲ.
ಇನ್ನು ಈ ಮರಗಳಿಗೆ ಹಬ್ಬ ಎಂದೆ.
ಲೆಂಗೇಸನ ಜೊತೆ ಒಂದು ಹೋತ ಪಣ ಕಟ್ಟಿದೆ.

ನಾಲ್ಕನೆಯ ವರ್ಷ ತೊಟ್ಟು ಒಣಗಿತ್ತು.
ಬುಗುರಿ ಎಣಿಸಿದರೆ ಅರ್ಧಕ್ಕರ್ಧ ಕಡಿಮೆ.
ಬಾರದ ಕಳ್ಳನಿಗೆ ಯಾರು ಕಾವಲು ಸಾಕುತ್ತಾರೆ?
ಮರ ಲೆಕ್ಕ ಮಾಡಿತ್ತು.
ಹಸಿದ ಇರುವೆ ತೊಗಟೆಗೆ ಹೇನು ತಂದು ಕಟ್ಟಿಕೊಂಡು
ನಾವು ಮೇಕೆ ಕರೆದ ಹಾಗೆ ಕರೆಯತೊಡಗಿದವು,
ಮರದ ರಸವನ್ನೇ.
ತಟ್ಟಿದರೆ ಹನ್ನೆರಡು. ಮರುವರ್ಷ ಐದು.

ಆಮೇಲೆ ಬಂದವು ಆ ಕರಿಯವು, ಕಚ್ಚದವು.
ಅವಕ್ಕೆ ಬುಗುರಿ ಬೇಡ,
ದುಂಬಿಹುಳ ಕೊರೆದ ಸುರಂಗವೇ ಸಾಕು.
ಹುಳ ಕೊರೆಯಲಿ ಎಂದು ದಾರಿ ಬಿಟ್ಟವು.

ನೂರ ಹದಿನೇಳಕ್ಕೆ ತಟ್ಟಿದೆ.
ಮೂವತ್ತು ಎಣಿಸಿದೆ.
ಮೆಲ್ಲಗೆ ತಟ್ಟಿರಬೇಕು ಎಂದು ಮತ್ತೆ ತಟ್ಟಿದೆ.
ಎರಡೂ ಬದಿ ತಿರುಗಿಸಿ ನೋಡಿದೆ,
ಕೈ ಖಾಲಿ.

ಬೇಲಿಯಾಚೆ ಕೊಂಬೆ ಮುರಿದ, ತುದಿ ಸವೆದ,
ಆನೆ ಬೆನ್ನುಜ್ಜಿ ವಾಲಿಸಿದ ಗಿಡಗಳು
ಕೋಲು ಕಂಡರೇ ಕೆರಳುತ್ತವೆ.
ನನ್ನ ಮೊಣಕೈವರೆಗೂ ಅವುಗಳ ಸಹಿ ಇದೆ.

ಹೋತವನ್ನು ಲೆಂಗೇಸ್ ಹಬ್ಬದ ಮುಂಚೆಯೇ ಒಯ್ದ.

ಮರ ಬಿದ್ದದ್ದು ಗುರುವಾರ.
ಹಾಳೆಯಲ್ಲಿ ಒಂದು ಕಾಲಂ: ಸಾವಿಗೆ ಕಾರಣ.
ಏನು ಬರೆಯಲಿ ಎಂದು ಕೇಳಿದೆ.
ಮುಕಾಮಿ ಬಹಳ ಹೊತ್ತು ತಂತಿಯ ಕಡೆ ನೋಡಿ
ದುಂಬಿ ಎಂದು ಬರಿ, ಸದ್ಯಕ್ಕೆ, ಅಂದರು.
ಬರೆದೆ.

ಸಂಜೆ ಗಾಳಿ ಎದ್ದಿತು.
ಬಿದ್ದ ಕೊಂಬೆಯಲ್ಲಿ ಉಳಿದಿದ್ದ ನಾಲ್ಕೈದು ಬುಗುರಿ
ಒಳಗೆ ಯಾರೂ ಇಲ್ಲದ್ದಕ್ಕೋ ಏನೋ
ಎಂದಿಗಿಂತ ಜೋರಾಗಿ
ಸಿಳ್ಳೆ ಹಾಕುತ್ತಿದ್ದವು.